ಭಾನುವಾರದವರು

“ತಲೆ ತಗ್ಗಿಸಿ, ಬಾಗಿಲು ಗಿಡ್ಡ,” ಎಂದು ಬೀಗದ ಕೈ ನೋಡಿಕೊಳ್ಳುವ ಅಜ್ಜಿ ಒಳಗಿನಿಂದ ಕೂಗುವಷ್ಟರಲ್ಲಿ ದರ್ಜಿಯ ಹೆಂಡತಿಯ ಹಣೆ ಕಲ್ಲಿಗೆ ಬಡಿದಾಗಿತ್ತು. ಹಣೆ ಉಜ್ಜಿಕೊಳ್ಳುತ್ತಲೇ ಒಳಗೆ ಬಂದಳು. ಆರುನೂರು ವರ್ಷದ ಪುಟ್ಟ ಚರ್ಚು. ಎದುರಿಗೆ ಗಂಡನ ಶವಪೆಟ್ಟಿಗೆ. ಹೊತ್ತು ತಂದವರು ಹೊರಗೆ ಸಿಗರೇಟು ಸೇದುತ್ತಿದ್ದರು. ಊರಿನವರು ನಿನ್ನೆಯೇ ಮನೆಗೆ ಬಂದು ಮುಖ ತೋರಿಸಿ ಹೋಗಿದ್ದರು. ಇಷ್ಟು ದೂರ, ಅದೂ ಕೆಲಸದ ದಿನ, ಬರಲು ಯಾರಿಗೆ ಪುರುಸೊತ್ತು? ಅವಳು ಪೆಟ್ಟಿಗೆಯ ಗಾಡಿ ಹತ್ತದೆ ಬಸ್ಸಿನಲ್ಲಿ ಬಂದಿದ್ದಳು. ಮೂವತ್ತು ವರ್ಷ ಅವನು ಭಾನುವಾರ ಭಾನುವಾರ ಹತ್ತುತ್ತಿದ್ದ ಬಸ್ಸು ಎಂಥದೆಂದು ಒಮ್ಮೆಯಾದರೂ ನೋಡಬೇಕೆನಿಸಿತ್ತು.

“ಬನ್ನಿ, ಇಲ್ಲೇ ಕೂತ್ಕೊಳ್ಳಿ,” ಎಂದು ಅಜ್ಜಿ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. “ನಾನೊಬ್ಬಳೇ ಆಗ್ತೀನೇನೋ ಅಂದ್ಕೊಂಡಿದ್ದೆ. ಭಾನುವಾರದವರು ಅಂತಲೇ ನಾವು ಅವರನ್ನ ಕರೀತಿದ್ದಿದ್ದು. ಸುತ್ತಮುತ್ತಲ ಹಳೇ ಚರ್ಚು ಒಂದನ್ನೂ ಬಿಟ್ಟವರಲ್ಲ. ತಿಂಗಳಿಗೊಂದು ಸಲ ಇಲ್ಲಿಗೆ. ಆ ಚಿತ್ರ ನೋಡಿ.”

ಸುಣ್ಣ ಉದುರಿದ ಗೋಡೆಯ ಮೇಲೆ ಅರ್ಧ ಅಳಿಸಿಹೋದ ಸಂತನೊಬ್ಬನಿದ್ದ.

“‘ಬರೆದವನಿಗೆ ಹೊಲಿಗೆ ಗೊತ್ತಿರಲಿಲ್ಲ ಅಜ್ಜಿ, ಎಡದ ತೋಳನ್ನ ತಂದು ಬಲಕ್ಕೆ ಹಚ್ಚಿದ್ದಾನೆ’ ಅಂತ ಬಂದಾಗಲೆಲ್ಲ ಹೇಳೋರು. ಹೇಳಿ ತಾವೇ ನಗೋರು.”

“ನಗ್ತಿದ್ರಾ?”

“ಹೊಟ್ಟೆ ಹಿಡ್ಕೊಂಡು. ಬಾಯಿ ತುಂಬ ಮಾತು.”

ಅಂಗಡಿಯಲ್ಲಿ ಆ ಬಾಯಿಂದ ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು ಬಿಟ್ಟು ಬೇರೆ ಮಾತು ಹೊರಟಿದ್ದೇ ಕಡಿಮೆ.

* * *

ಮದುವೆಯಾದ ನಾಲ್ಕನೆಯ ವರ್ಷ, ಒಂದು ಶನಿವಾರ, ಗುಂಡಿ ಹಚ್ಚುತ್ತಾ ಕೇಳಿದ್ದಳು: “ನಾಳೆ ನಾನೂ ಬರ್ಲಾ?”

ಅವನು ದಾರವನ್ನು ಹಲ್ಲಿನಿಂದ ಕಡಿದ. ಕೋಪವೇನೂ ಇರಲಿಲ್ಲ. “ಆರು ದಿನ ಒಂದೇ ಮೇಜಿಗೆ ಎದುರುಬದುರು ಕೂತಿರ್ತೀವಿ. ಏಳನೇದು ನಂಗೆ ಬಿಟ್ಬಿಡು.”

ಬಿಟ್ಟಳು. ಮತ್ತೆ ಕೇಳಲಿಲ್ಲ. ಭಾನುವಾರಗಳಲ್ಲಿ ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗುವವರೆಗೆ ಕಿಟಕಿಯಲ್ಲಿ ಕೂರುತ್ತಿದ್ದಳು. ಒಣಗಿದ ಮೇಲೂ ಕೂರುತ್ತಿದ್ದಳು. ಸಂಜೆ ಅವನು ಬೂಟು ಬಿಚ್ಚುವಾಗ “ಹೇಗಿತ್ತು?” ಎಂದರೆ, “ಕಲ್ಲು, ಗೋಡೆ. ಹೇಳೋಕೇನಿದೆ,” ಎನ್ನುತ್ತಿದ್ದ. ಕೊನೆಗೆ ಆಸ್ಪತ್ರೆಯ ಹಾಸಿಗೆಯಿಂದಲೇ ಇಲ್ಲಿನ ಪಾದ್ರಿಗೆ ಪತ್ರ ಬರೆದು ಸಮಾಧಿಗೆ ಜಾಗ ಕೇಳಿಕೊಂಡಿದ್ದ. ಅವಳಿಗದು ತಿಳಿದದ್ದು ಅವನು ಸತ್ತ ದಿನ, ಉತ್ತರ ಬಂದಾಗ.

* * *

“ಒಂಟಿ ಜೀವ, ಪಾಪ,” ಎಂದಳು ಅಜ್ಜಿ.

“ಮನೇಲಿ ಯಾರೂ ಇಲ್ಲ ಅಂದಿದ್ರಾ?”

“ಅನ್ನಲಿಲ್ಲ. ಅದನ್ನ ಬೇರೆ ಕೇಳ್ಬೇಕಾ? ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಕರ್ಕೊಂಡು ಬರ್ತಿರಲಿಲ್ವಾ? ಅಂದಹಾಗೆ, ನೀವು ಅವರಿಗೆ ಏನಾಗ್ಬೇಕು?”

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅಜ್ಜಿ ಮುಂದಿನ ಪ್ರಶ್ನೆ ಕೇಳುತ್ತಾಳೆ, ಹಾಗಾದರೆ ಒಮ್ಮೆಯೂ ಯಾಕೆ ಕರೆದುಕೊಂಡು ಬರಲಿಲ್ಲ ಎಂದು.

“ಅಂಗಡೀಲಿ ಗುಂಡಿ ಹಚ್ತಿದ್ದೆ,” ಎಂದಳು.

“ಹೌದಾ. ಬಂದಿದ್ದು ಒಳ್ಳೇದಾಯ್ತು. ಮನೆಯವರ ಜಾಗದಲ್ಲಿ ನೀವಾದ್ರೂ ಇದ್ದೀರಲ್ಲ.”

ಅಷ್ಟರಲ್ಲಿ ಪಾದ್ರಿ ಪಕ್ಕದ ಕೋಣೆಯಿಂದ ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಅವಳೊಡನೆ ಫೋನಿನಲ್ಲಿ ಮಾತಾಡಿದ್ದರೇ ಹೊರತು ಮುಖ ನೋಡಿದವರಲ್ಲ.

“ಹೊತ್ತಾಯ್ತು. ಅವರ ಹೆಂಡತಿ ಬಂದ್ರಾ? ಬಸ್ಸಿಗೆ ಬರ್ತೀನಿ ಅಂದಿದ್ರು.”

“ಹೆಂಡತೀನಾ?” ಅಜ್ಜಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಹನ್ನೊಂದು ಬೆಂಚುಗಳನ್ನೂ ಒಂದೊಂದಾಗಿ ನೋಡುತ್ತಾ ಬಂದು, ಕಡೆಗೆ ತನ್ನ ಪಕ್ಕಕ್ಕೆ ನೋಡಿದಳು.

ದರ್ಜಿಯ ಹೆಂಡತಿ ತಲೆ ಎತ್ತಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ, ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದಳು.