ಹಾಸುಬಂಡೆಯ ಹನ್ನೊಂದು ಮನೆ

ಗೋಕಾಕ ಫಾಲ್ಸಿನ ಮೇಲುಭಾಗದಲ್ಲಿ, ಹೊಳೆ ಬೀಳುವ ವಿಚಾರವನ್ನೇ ಇನ್ನೂ ಮಾಡದೆ ಬಂಡೆಗಳ ನಡುವೆ ಹಾಯಾಗಿ ಹರಿಯುವ ಕಡೆ, ಆ ಕಾಲಕ್ಕೆ ಹನ್ನೊಂದು ಮನೆಗಳ ಒಂದು ಓಣಿ ಇತ್ತು. ಹಾಸುಬಂಡೆ ಅಂತ ಅದರ ಹೆಸರು. ಹಿಡಿ ಮಣ್ಣೂ ಸಿಗದ ಆ ಕಲ್ಲಿನ ಮೇಲೆ ಮನೆ ಹೂಡಿದವರು ಅಂಬಿಗರು. ಮೀನು ಹಿಡಿಯುವುದು, ಆಚೆ ದಂಡೆಯಿಂದ ಗಿರಣಿ ಕೆಲಸಕ್ಕೆ ಬರುವವರನ್ನು ನಾವೆಯಲ್ಲಿ ದಾಟಿಸುವುದು ಅವರ ಕಸುಬು. ಸುತ್ತಲಿನ ಊರವರು ಅವರನ್ನು 'ಗ್ವಾಡಿ ಇಲ್ಲದ ಮನಿಯವರು' ಅಂದು ನಗುತ್ತಿದ್ದರು. ನಗಲಿ ಪಾಪ. ಆ ಮನೆ ಕಟ್ಟುವ ಬಗೆಯನ್ನು ಒಂದು ಸಲ ಕಣ್ಣಾರೆ ನೋಡಿದವರು ಯಾರೂ ನಕ್ಕಿದ್ದಿಲ್ಲ.

ಅಂಬಿಗರ ಮುತ್ತಜ್ಜಂದಿರು ಉಳಿ ಹಿಡಿದು ಬಂಡೆಯಲ್ಲಿ ಕುಣಿ ಕೊರೆದಿಟ್ಟಿದ್ದರು, ಮನೆಗೆ ಆರರಂತೆ. ಕುಣಿಗೊಂದು ಕಂಬ, ಕಂಬಗಳ ಮೇಲೆ ಕಬ್ಬಿನ ಒಣಗರಿಯ ರವದಿ ಹೊದಿಸಿದ ಚಪ್ಪರ, ಸುತ್ತಲೂ ಬಿದಿರಿನ ಹತ್ತು ತಟ್ಟಿ. ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಪುಂಡಿ ನಾರಿನ ಹಗ್ಗ, ಹಗ್ಗಕ್ಕೆ ಜಾರುಗಂಟು. ಒಂದು ತುದಿ ಎಳೆದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ವರ್ಷ ವರ್ಷ ಆರಿದ್ರಾ ಮಳೆಗೆ ಮೊದಲು ಓಣಿಯ ಹಿರಿಯ ಸತ್ಯಪ್ಪ 'ಏಳ್ರಿ' ಅಂದನೆಂದರೆ ಮುಗಿಯಿತು. ಒಲೆಯ ಮೇಲಿಟ್ಟ ಬೇಳೆ ಬೇಯುವುದರೊಳಗೆ ಮನೆ ಬಿಚ್ಚಿ, ಮಂದಿಯ ತಲೆಯ ಮೇಲೇರಿ, ಹಿಂದಿನ ದಿಬ್ಬ ಹತ್ತಿ, ಅಲ್ಲಿ ಕೊರೆದಿಟ್ಟ ಇನ್ನೊಂದು ಸಾಲು ಕುಣಿಗಳಲ್ಲಿ ಮತ್ತೆ ನಿಂತಿರುತ್ತಿತ್ತು. ದಸರೆ ಮುಗಿದ ಮೇಲೆ ಪುನಃ ಹೊಳೆಯ ಮಗ್ಗುಲಿಗೆ. ನಾಲ್ಕು ತಿಂಗಳು ಹೊಳೆಗೆ ಅದರ ಜಾಗ ಬಿಟ್ಟುಕೊಟ್ಟು, ಎಂಟು ತಿಂಗಳು ಅದರ ಜೊತೆ ಜಗಳವಿಲ್ಲದೆ ಬಾಳುವ ಈ ಜಾಣತನಕ್ಕೆ ಕೈ ಮುಗಿಯಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ಕಟ್ಟಕಡೆಯ ಮನೆ ಏಳುವತನಕ ಗಂಡಸರು ಯಾರೂ ದಿಬ್ಬದ ಮೇಲೆ ನಿಲ್ಲುವಂತಿಲ್ಲ. ಒಂದು ಚಪ್ಪರ ಎತ್ತಲು ಎಂಟು ತಲೆ ಬೇಕು. ಮೊದಲು ಎದ್ದವರು ಮೇಲೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂತರೆ, ಕಡೆಯ ಮನೆಗೆ ತಲೆಗಳನ್ನು ಎಲ್ಲಿಂದ ತರಬೇಕು?

ಈ ಓಣಿಗೆ ಕಾಡವ್ವ ಸೊಸೆಯಾಗಿ ಬಂದದ್ದು ಯಮಕನಮರಡಿಯಿಂದ. ಅವಳ ತವರಿನವರೂ ಅಂಬಿಗರೇ, ಆದರೆ ಅಜ್ಜನ ಕಾಲಕ್ಕೇ ಹುಟ್ಟು ಬಿಟ್ಟು ನೇಗಿಲು ಹಿಡಿದವರು. ಮೊಳದಗಲ ಮಣ್ಣಿನ ಗೋಡೆಯ ಮನೆಯಲ್ಲಿ ಬೆಳೆದ ಹುಡುಗಿಗೆ ಮಾಘದ ಚಳಿಯಲ್ಲಿ ಮದುವೆಯಾಗಿ ಹಾಸುಬಂಡೆಗೆ ಬಂದ ಮೊದಲ ದಿನವೇ ದಿಗಿಲಾಯಿತು. ಮನೆಯಲ್ಲಿ ಕೂತರೆ ತಟ್ಟಿಯ ಸಂದಿಯಿಂದ ಹೊಳೆ ಕಾಣುತ್ತದೆ, ಮೀನು ಹಾರಿದ್ದು ಕಾಣುತ್ತದೆ, ಬಾಜೂ ಮನೆಯವರು ಏನು ಉಣ್ಣುತ್ತಾರೆಂಬುದೂ ಕಾಣುತ್ತದೆ. ಮೊದಲು ಅತ್ತಳು. ಆಮೇಲೆ ಬೆಳಗಿನ ಹೊತ್ತು ನೀರಿನ ಮೇಲೆ ಬಿಸಿಲು ಬೀಳುವುದನ್ನು, ಗಂಡ ಶಿದ್ಲಿಂಗಪ್ಪ ಒಂದೇ ಗಳದಿಂದ ನಾವೆಯನ್ನು ಬಂಡೆಗಳ ನಡುವೆ ತೂರಿಸಿಕೊಂಡು ಬರುವುದನ್ನು ನೋಡುತ್ತ ಅಳುವುದನ್ನು ಮರೆತಳು. ಹದಿನೈದು ದಿನಕ್ಕೆ ಅವಳಿಗೆ ಆ ಜಾಗದ ಮೇಲೆ ಜೀವ ಬಿತ್ತು.

ಮನಸ್ಸಿಗೆ ಸಂಕಟವಾಗುತ್ತಿದ್ದದ್ದು ಒಂದೇ, ಅತ್ತೆ ಅಲ್ಲವ್ವನ ದಮ್ಮು. ಗಂಡ ಸತ್ತ ಮೇಲೆ ಹುಟ್ಟು ಹಾಕಿ ಮಕ್ಕಳನ್ನು ಸಾಕಿದ ಹೆಂಗಸು ಅಲ್ಲವ್ವ. ಈಗ ತಟ್ಟಿಯೊಳಗಿಂದ ಗಾಳಿ ನುಗ್ಗಿದರೆ ಸಾಕು, ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಫಾಲ್ಗುಣದಲ್ಲಿ ಅವಳು ಹುಕ್ಕೇರಿಯ ಮಗಳ ಬಾಣಂತನಕ್ಕೆ ಎರಡು ತಿಂಗಳು ಹೋದಾಗ ಕಾಡವ್ವ ಸೆರಗು ಸೊಂಟಕ್ಕೆ ಬಿಗಿದಳು. ಹೊಲದ ದಂಡೆಯಿಂದ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತಂದಳು. ಹೊಟ್ಟು ಕಲಸಿ, ತಟ್ಟಿಗಳ ಒಳಗೂ ಹೊರಗೂ ಗೇಣಗಲ ಮೆತ್ತಿದಳು. ಗಾಳಿಗೆ ಸಡಿಲಾಗುವ ಜಾರುಗಂಟುಗಳನ್ನೆಲ್ಲ ತೆಗೆದು ಕಗ್ಗಂಟು ಹಾಕಿದಳು. ಗಿರಣಿಯ ಹತ್ತಿರ ಚಾಳು ಕಟ್ಟುತ್ತಿದ್ದ ಉಪ್ಪಾರರನ್ನು ಕಾಡಿ ಬೇಡಿ ಉಳಿದ ಗಾರೆ ತಂದು ಕಂಬಗಳ ಕುಣಿಗೆ ತುಂಬಿದಳು, ಅಲುಗಾಡಬಾರದು ನೋಡಿ! ಕೊನೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ಎಳೆದಾಗ ಮನೆ ಮದುವಣಗಿತ್ತಿಯ ಹಾಗೆ ಕಂಡಿತು.

ಮಳೆಗಾಲಕ್ಕೆ ಮನೆಗಳೇ ಎದ್ದು ದಿಬ್ಬ ಹತ್ತುತ್ತವೆಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲವೆಂದಲ್ಲ. ಬಾಜೂ ಮನೆಯ ಭರಮವ್ವ ನೋಡಿದಳು. ಅವಳ ನಾಲಿಗೆಗೆ ಓಣಿಯೇ ಹೆದರುತ್ತಿತ್ತು. ಆದರೂ, "ಏನವಾ, ಅರಮನಿ ಕಟ್ಟಾಕತ್ತೀಯೇನ?" ಅಂದು ಸುಮ್ಮನಾದಳು. ಹೊಸ ಸೊಸೆ, ಗಂಡನೇ ಹೇಳುತ್ತಾನೆ ಅಂದುಕೊಂಡಳು. ಶಿದ್ಲಿಂಗಪ್ಪನಿಗೆ ಹೆಂಡತಿಯ ಉಮೇದು ಮುರಿಯಲು ಮನಸ್ಸು ಬರಲಿಲ್ಲ. ಅವ್ವ ಬಂದು ಹೇಳುತ್ತಾಳೆ, ಆರಿದ್ರಾ ಇನ್ನೂ ದೂರ ಐತಿ ಅಂದುಕೊಂಡ. ಅವ್ವ ಬಂದಳು. ಗೋಡೆ ತಟ್ಟಿ ನೋಡಿದಳು, ಕಂಬದ ಬುಡ ನೋಡಿದಳು. ಬೆಳಗಾಗೆದ್ದು "ನಿದ್ದಿ ಚೊಲೋ ಆತು ನೋಡ" ಅಂದಳು, ಅಷ್ಟೇ. ಕಾಡವ್ವನಿಗೆ ಆಕಾಶ ಮೂರೇ ಗೇಣು ಉಳಿಯಿತು.

ಆ ವರ್ಷ ಮೃಗಶಿರಾ ನಕ್ಷತ್ರ ಕೂಡಿ ನಾಲ್ಕು ದಿನವಾಗಿತ್ತು, ಆರಿದ್ರಾಕ್ಕೆ ಇನ್ನೂ ಹತ್ತು ದಿನವಿತ್ತು. ಹಾಸುಬಂಡೆಯಲ್ಲಿ ಸುಡುಸುಡು ಬಿಸಿಲು, ಮೋಡದ ತುಣುಕೂ ಇಲ್ಲ. ಗಿರಣಿಯ ಭೋಂಗಾ ಬೆಳಗಿನ ಪಾಳಿಗೆ ಆಗಷ್ಟೇ ಕೂಗಿತ್ತು. ದಿನದ ಹಾಗೆ ಹೊಳೆಯ ನೀರಿನಿಂದ ಬಾಯಿ ಮುಕ್ಕಳಿಸಿದ ಸತ್ಯಪ್ಪ ಅದನ್ನು ತಟ್ಟನೆ ಉಗುಳಿದ. ಇನ್ನೊಂದು ಬೊಗಸೆ ತೆಗೆದುಕೊಂಡು ಬಾಯಲ್ಲಿ ಹಿಡಿದು ನೋಡಿ, ಅದನ್ನೂ ಉಗುಳಿ ಕೂಗಿದ:

"ನೀರಾಗ ಮಣ್ಣು ಬಂದೈತ್ರೋ! ಘಟ್ಟದಾಗ ಮಳಿ ಹೊಡದೈತಿ. ಏಳ್ರಿ, ಏಳ್ರಿ!"

ಯಾಕೆ, ಏನು ಅಂತ ಒಬ್ಬರೂ ಕೇಳಲಿಲ್ಲ. ಗಂಟುಗಳು ಜಾರಿದವು, ತಟ್ಟಿಗಳು ಮಲಗಿದವು, ಚಪ್ಪರಗಳು ತಲೆಗಳ ಮೇಲೆ ಎದ್ದವು. ಹತ್ತು ಮನೆ ನೋಡುನೋಡುವಷ್ಟರಲ್ಲಿ ದಿಬ್ಬ ಏರಿದವು. ಕಾಡವ್ವ ಅದನ್ನು ಬಾಯಿ ತೆರೆದು ನೋಡುತ್ತ ನಿಂತಳು. ಆಮೇಲೆ ತನ್ನ ಮನೆಯತ್ತ ತಿರುಗಿದಳು, ಮತ್ತು ತಾನು ಏನು ಮಾಡಿದ್ದೇನೆಂಬುದು ಅವಳಿಗೆ ಆಗ ತಿಳಿಯಿತು.

ಓಡಿ ಹೋಗಿ ಗಂಟು ಜಗ್ಗಿದಳು. ಉಗುರು ಕಿತ್ತು ರಕ್ತ ಬಂತು, ಗಂಟು ಬರಲಿಲ್ಲ. ಶಿದ್ಲಿಂಗಪ್ಪ ಕುಡಗೋಲಿನಿಂದ ಮೇಲಿನ ಹಗ್ಗ ಕೊಯ್ದ. ಎಂಟು ತಲೆ ಸೇರಿ ಚಪ್ಪರ ಎತ್ತಿ ಸಾಗಿಸಿದವು. ಗೋಡೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗಾರೆ ಕುಡಿದ ಕಂಬಗಳು ಬಂಡೆಗೇ ಹುಟ್ಟಿದವರ ಹಾಗೆ ನಿಂತಿದ್ದವು. ಎರಡನ್ನು ಹೇಗೋ ಕಿತ್ತರು, ನಾಲ್ಕು ಕದಲಲಿಲ್ಲ. ಅಷ್ಟರಲ್ಲಿ ಕೆಂಪು ನೀರು ಪಾದ ದಾಟಿ ಮೊಣಕಾಲಿಗೆ ಬಂದಿತ್ತು.

"ನೀವೆಲ್ಲಾ ಮ್ಯಾಲ ಹೋಗ್ರಿ!" ಕಾಡವ್ವ ಚೀರಿದಳು. "ನನ್ನ ಮನಿ ಹೋದ್ರ ಹೋಗ್ಲಿ, ನಿಮಗ ಕೈ ಮುಗೀತೇನಿ ಅಜ್ಜಾ, ಹೋಗ್ರಿ!"

ಒಬ್ಬ ಗಂಡಸೂ ಅಲುಗಲಿಲ್ಲ. ಕಡೆಯ ಮನೆ ಎದ್ದಿಲ್ಲ, ಅವರು ಹೋಗುವುದು ಹೇಗೆ? ಸತ್ಯಪ್ಪ ಸಿಟ್ಟಿಲ್ಲದೆ ಹೇಳಿದ: "ಮನಿ ಹೋಗೂದು ಹಂಗಿರ್ಲಿ ತಂಗಿ. ಅಲ್ಲಿ ನೋಡ."

ಗೋಡೆಗೆ ಬಡಿದ ನೀರು ಮಗ್ಗುಲಿಗೆ ತಿರುಗಿ, ದಿಬ್ಬ ಹತ್ತುವ ದಾರಿಗೇ ನುಗ್ಗುತ್ತಿತ್ತು. ಅದೇ ದಾರಿಯಲ್ಲಿ ಹೆಂಗಸರು ಕೂಸುಗಳನ್ನು ಬಗಲಲ್ಲಿಟ್ಟುಕೊಂಡು, ಗಡಿಗೆ ಹೊತ್ತುಕೊಂಡು ಏರುತ್ತಿದ್ದರು. ಭರಮವ್ವನ ಕಾಲು ಜಾರಿತು. ಹಿಂದಿದ್ದವರು ಅವಳ ರಟ್ಟೆ ಹಿಡಿದು ನಿಲ್ಲಿಸಿದರು. ಗೋಡೆ ಇನ್ನಷ್ಟು ಹೊತ್ತು ನಿಂತರೆ ಆ ದಾರಿ ಉಳಿಯುತ್ತಿರಲಿಲ್ಲ.

ಶಿದ್ಲಿಂಗಪ್ಪನ ಕೈಯಲ್ಲಿ ಹಾರೆ ಇತ್ತು. ಆದರೂ ಅವನು ಎತ್ತಲಿಲ್ಲ, ಉಳಿದವರೂ ಕೈ ಹಚ್ಚಲಿಲ್ಲ. ಅವರೆಲ್ಲ ಕಾಡವ್ವನ ಮೋರೆ ನೋಡುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತೂ, ಒಬ್ಬಳು ಕಟ್ಟಿದ್ದನ್ನು ಅವಳನ್ನು ಕೇಳದೆ ಕೆಡವಬಾರದೆಂಬ ಮರ್ಯಾದೆ ಬಿಡದ ಮಂದಿ! ಇಂಥವರ ನಡುವೆ ತಾನು ಇಂಥದ್ದು ಮಾಡಿಟ್ಟೆನಲ್ಲ ಅಂದುಕೊಂಡಳು. ಅವಳು ಗಂಡನ ಕೈಯಿಂದ ಹಾರೆ ಕಸಿದುಕೊಂಡಳು. ಒಲೆಯ ಹಿಂದೆ, ಅತ್ತೆ ಬೆನ್ನು ಆನಿಸಿ ಕೂರುತ್ತಿದ್ದ ಜಾಗಕ್ಕೇ ಮೊದಲ ಏಟು ಹಾಕಿದಳು.

ಆಮೇಲೆ ಹತ್ತಾರು ಕೈ ಸೇರಿದವು. ಸುಣ್ಣ, ಕೆಮ್ಮಣ್ಣಿನ ಅಂಚು, ಎರಡು ತಿಂಗಳ ದುಡಿತ ಎಲ್ಲ ಹೆಂಟೆ ಹೆಂಟೆಯಾಗಿ ಹೊಳೆಗೆ ಬಿತ್ತು. ನೀರು ತನ್ನ ಹಳೆಯ ಹಾದಿ ಹಿಡಿದು ನೆಟ್ಟಗೆ ಹೋಯಿತು. ಎಲ್ಲರೂ ಮೇಲೆ ಬಂದರು. ಮಧ್ಯಾಹ್ನಕ್ಕೆ ಕೆಳಗೆ ನೋಡಿದರೆ ಆ ನಾಲ್ಕು ಕಂಬಗಳೂ ಇರಲಿಲ್ಲ.

ದಿಬ್ಬದ ಮೇಲೆ ಹತ್ತು ಮನೆ ನಿಂತವು. ಹನ್ನೊಂದನೆಯ ಜಾಗದಲ್ಲಿ ಬರೀ ಚಪ್ಪರ ನೆಲಕ್ಕೆ ಮಲಗಿತ್ತು. ಕಾಡವ್ವ ದೂರ ಒಂದು ಕಲ್ಲಿನ ಮೇಲೆ ಮೋರೆ ಮುಚ್ಚಿಕೊಂಡು ಕೂತಿದ್ದಳು. ಗಂಡನ ಮುತ್ತಜ್ಜನ ಕಂಬಗಳು ಹೋದವು, ಮನೆ ಹೋಯಿತು, ಇಷ್ಟು ಮಂದಿಯ ಜೀವ ಕುತ್ತಿಗೆಗೆ ಬಂತು. ಇನ್ನು ತವರಿನ ದಾರಿ ತೋರಿಸದೆ ಬಿಡುತ್ತಾರೆಯೇ? ಈ ಹೊಳೆ, ಈ ಬಂಡೆ, ಈ ಜನ ಅವಳಿಗೆ ಎಷ್ಟು ಬೇಕೆಂಬುದು ಬಿಟ್ಟು ಹೋಗಬೇಕಾದ ಹೊತ್ತಿಗೇ ಗೊತ್ತಾಗಬೇಕೇ?

ಅಂಬಲಿ ಕುಡಿಯಲು ಎಲ್ಲರೂ ಕೂಡಿದಾಗ ಸತ್ಯಪ್ಪ ಕೇಳಿದ: "ಕುಣಿಯಾಗ ಗಾರಿ ತುಂಬೂದಂದ್ರೇನು! ನಮ್ಮ ಓಣ್ಯಾಗ ಇಂಥಾದ್ದು ಎಂದೂ ಆಗಿಲ್ಲ. ಹೆಂಗಾತಿದು?"

ಕಾಡವ್ವ ಏಳುವುದರೊಳಗೆ ಅಲ್ಲವ್ವ ಎದ್ದಳು. ದಿಬ್ಬ ಏರಿದ್ದಕ್ಕೆ ಅವಳ ದಮ್ಮು ಇನ್ನೂ ಇಳಿದಿರಲಿಲ್ಲ.

"ಎಲ್ಲಾರೂ ಕೇಳ್ರಿ. ಹುಕ್ಕೇರಿಯಿಂದ ಬಂದ ದಿನಾನ ನಾ ಎಲ್ಲಾ ನೋಡಿದ್ನಿ. ಗ್ವಾಡಿ ನೋಡಿದ್ನಿ, ಕುಣಿ ನೋಡಿದ್ನಿ. ಒಡದ ಹಾಕ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ. ಯಾಕಂದ್ರ ಎಷ್ಟೋ ವರ್ಷದ ಮ್ಯಾಲ ಅವತ್ತ ನನಗ ನಿದ್ದಿ ಹತ್ತಿತ್ತು. ಇನ್ನೊಂದ ದಿನ ಇರ್ಲಿ, ಇನ್ನೊಂದ ದಿನ ಇರ್ಲಿ ಅಂತ ಬೆಚ್ಚಗ ಮಕ್ಕೊಂಡ್ನಿ." ಉಸಿರು ಎಳೆದುಕೊಂಡಳು. "ಈ ಹುಡಿಗಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ತಪ್ಪು ನಂದು. ಏನ ಅನ್ನೂದಿದ್ರೂ ನನಗ ಅನ್ರಿ."

"ಹೇಳಬೇಕಾದಾಂವ ನಾ ಅಜ್ಜಾ," ಅಂದ ಶಿದ್ಲಿಂಗಪ್ಪ.

"ನಾನೂ ನೋಡಿದ್ನಲ್ಲಪಾ," ಅಂದಳು ಭರಮವ್ವ, ಜಾರಿದ ಕಾಲು ತಿಕ್ಕಿಕೊಳ್ಳುತ್ತ. "ಊರ ಉಸಾಬರಿ ಎಲ್ಲಾ ಮಾಡತೇನಿ, ಈ ಒಂದ ಮಾತ ಹೇಳಾಕ ನನ್ನ ಬಾಯಿ ಬಿದ್ದ ಹೋಗಿತ್ತು."

ಸತ್ಯಪ್ಪ ಅಂಬಲಿ ಮುಗಿಸಿ ಮೀಸೆ ಒರೆಸಿಕೊಂಡ. "ತಪ್ಪ ಹಂಚಿಕೊಳ್ಳಾಕ ಹೊತ್ತ ಬಾಳ ಐತಿ. ಅಲ್ಲವ್ವಾ, ತಟ್ಟಿ ಎಷ್ಟ ಬೇಕು?"

"ಹತ್ತ."

"ಹತ್ತ ಮನಿ ಅದಾವು."

ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಮನೆಗೊಂದರಂತೆ ತಟ್ಟಿ ಬಂತು. ಕಂಬ ನಾಲ್ಕು ಕಡಿಮೆ ಬಿದ್ದಾಗ ಸತ್ಯಪ್ಪ ತನ್ನ ನಾವೆಯ ಗಳವನ್ನೇ ತಂದು ಕುಣಿಯಲ್ಲಿ ಇಳಿಸಿದ, ಅದನ್ನು ನೋಡಿ ಇನ್ನು ಮೂವರು ತಮ್ಮ ಗಳ ತಂದರು. ಸಂಜೆಯ ಭೋಂಗಾ ಕೂಗುವ ಹೊತ್ತಿಗೆ ಹನ್ನೊಂದನೆಯ ಮನೆ ನಿಂತಿತ್ತು. ತವರಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕಾಡವ್ವ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಹೊಟ್ಟೆ ತುಂಬ ಅತ್ತಳು.

ಮೂರನೆಯ ದಿನ ಹಾಸುಬಂಡೆಗೂ ಮಳೆ ಬಂತು. ಪಡುವಣದಿಂದ ಬೀಸಿ ಬೀಸಿ ಹೊಡೆಯಿತು. ಕಾಡವ್ವನ ಮನೆಯೊಳಗೆ ಒಂದು ಹನಿ ಸಿಡಿಯಲಿಲ್ಲ, ಗಾಳಿ ಸುಳಿಯಲಿಲ್ಲ. ಅಲ್ಲವ್ವ ಬೆಚ್ಚಗೆ ನಿದ್ದೆ ಹೋಗಿದ್ದಳು. ತಟ್ಟಿಗಳು ಎಷ್ಟು ಗಟ್ಟಿ ಅಂತ ಕಾಡವ್ವನಿಗೆ ಆಶ್ಚರ್ಯವಾಯಿತು. ಒಲೆ ಹೊತ್ತಿಸಲು ಕೆಂಡ ಬೇಕಾಗಿ, ತಲೆಯ ಮೇಲೆ ಗೋಣಿ ಹೊದ್ದು ಭರಮವ್ವನ ಮನೆಗೆ ಓಡಿದಳು.

ಭರಮವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಹಿಂದೆ ಪಡುವಣ ಮಗ್ಗುಲಿಗೆ ತಟ್ಟಿಯೇ ಇರಲಿಲ್ಲ. ಮಳೆ ನೇರ ಒಳಗೆ ಬರುತ್ತಿತ್ತು. ಒಲೆ ಆರದಿರಲೆಂದು ಆ ಕಂಡಿಗೆ ಬೆನ್ನು ಕೊಟ್ಟು ಕೂತಿದ್ದಳು. ಕುಪ್ಪಸ ತೊಯ್ದು ಮೈಗೆ ಅಂಟಿತ್ತು.

ಕಾಡವ್ವ ಹೊರಗೆ ಬಂದು ಸಾಲಿನ ಉದ್ದಕ್ಕೂ ನೋಡಿದಳು. ಹತ್ತೂ ಮನೆಗೆ ಪಡುವಣಕ್ಕೇ ಕಂಡಿ. ಗಾಳಿ ಹೊಡೆಯುವ ಮಗ್ಗುಲಿಗೆ ಎಲ್ಲರೂ ತಮ್ಮಲ್ಲಿರುವ ಗಟ್ಟಿ ತಟ್ಟಿ ಕಟ್ಟುತ್ತಾರೆ. ಕೊಡುವಾಗ ಅದನ್ನೇ ಬಿಚ್ಚಿ ಕೊಟ್ಟಿದ್ದರು. ಇಡೀ ಓಣಿಯಲ್ಲಿ ಬೆಚ್ಚಗಿದ್ದದ್ದು ಅವಳದೊಂದೇ ಮನೆ.

ಅವಳು ಭರಮವ್ವನ ಒಲೆಯ ಹತ್ತಿರ ಮರಳಿ ಬಂದಳು. "ಅಕ್ಕಾ, ಮಳಿ ಒಳಗ ಬರಾಕತ್ತೈತಲ್ರಿ," ಅಂದಳು.

"ಬರ್ಲಿ ಬಿಡ. ಬ್ಯಾಸಗಿ ಝಳಾ ಇನ್ನಾ ಮೈಯಾಗ ಐತಿ," ಅಂದಳು ಭರಮವ್ವ, ಹಲ್ಲು ಕಟಕಟ ಅನ್ನುತ್ತಿದ್ದರೂ. "ಕೆಂಡ ಬೇಕೇನ? ತಗೊಂಡ ಹೋಗ, ನಿಮ್ಮತ್ತಿ ಎದ್ದರ ಹಸೀತಾಳ."

ಕಾಡವ್ವ ಕೆಂಡ ತೆಗೆದುಕೊಳ್ಳಲಿಲ್ಲ. ಗೋಣಿ ತೆಗೆದು ಭರಮವ್ವನ ಹೆಗಲಿಗೆ ಹೊದಿಸಿದಳು.

"ನಿದ್ದಿ ಹತ್ತೈತ್ರಿ ಅವರಿಗೆ. ನೀವ ಒಂಚೂರ ಸರೀರಿ."

ಭರಮವ್ವ ಸರಿದಳು. ಕಾಡವ್ವ ಅವಳ ಮಗ್ಗುಲಲ್ಲಿ ಮಳೆಗೆ ಬೆನ್ನು ಕೊಟ್ಟು ಕೂತು, ಹಿಟ್ಟಿನ ಪರಾತ ತನ್ನತ್ತ ಎಳೆದುಕೊಂಡಳು. ಇಬ್ಬರ ಬೆನ್ನು ಸೇರಿ ಆ ಕಂಡಿ ಮುಚ್ಚಿತು. ಒಲೆ ಚೆನ್ನಾಗಿ ಉರಿಯಿತು.