ಕೂದಲಿಗೆ ಬಂದ ಡಬರಿ

ಮುಶಿಗೇರಿಯ ನಮ್ಮ ಮನೆಯಲ್ಲಿ ಬಾಚಿದಾಗ ಉದುರಿದ ಕೂದಲನ್ನು ಎಸೆಯುವುದಿಲ್ಲ. ಉಂಡೆ ಮಾಡಿ ಬಚ್ಚಲ ಗೋಡೆಯ ಬಿರುಕಿನಲ್ಲಿ ಸಿಕ್ಕಿಸಿಡುತ್ತೇವೆ. ಪಾತ್ರೆ ಮಾರುವ ಲಾಲಬಿ ಚಾಚಿ ಬಂದಾಗ ಅದನ್ನು ಕೊಟ್ಟು ಸ್ಟೀಲಿನ ಪಾತ್ರೆ ತೆಗೆದುಕೊಳ್ಳುತ್ತೇವೆ. ಮೊದಲು ಒಂದು ಲೋಟಕ್ಕೂ ವರ್ಷವಿಡೀ ಕೂಡಿಡಬೇಕಿತ್ತು. ಈ ವರ್ಷ ಯುಗಾದಿಗೆ ಹಾಲು ಕಾಯಿಸುವ ಒಂದು ಡಬರಿ ಬಂತು, ಪಂಚಮಿಗೆ ಇನ್ನೊಂದು. ಅವ್ವ ಚನ್ನವ್ವನಿಗೆ ಹಿಗ್ಗು.

ಆ ಕೂದಲೆಲ್ಲ ನನ್ನ ತಂಗಿ ಪೂಜಾಳದು. ಎಂಟನೆಯ ತರಗತಿ ಓದುತ್ತಾಳೆ. ಶಾಲೆಗೆ ಎರಡು ಜಡೆ ಹೆಣೆದು, ಮಡಚಿ ರಿಬ್ಬನ್ ಕಟ್ಟಬೇಕು. ಹೆಣೆಯುತ್ತಿದ್ದವಳು ನಾನು. ಅವ್ವ ಹಿಂದೆ ನಿಂತಿರುತ್ತಿದ್ದಳು.

“ಇನ್ನೂ ಬಿಗಿ ಜಗ್ಗ. ಜಗ್ಗಿದಷ್ಟೂ ಉದ್ದ ಬೆಳೀತೈತಿ.”

“ಯವ್ವಾ, ಹುಬ್ಬು ನೆತ್ತಿಗೆ ಹೊಂಟಾವ!” ಎಂದು ಪೂಜಾ ಕೂಗುತ್ತಿದ್ದಳು.

“ಸುಮ್ನ ಕುಂದರ, ಮಹಾರಾಣಿ. ಎತ್ತು ಜಗ್ಗಿದ್ರೂ ಜಡಿ ಬಿಚ್ಚಬಾರದು,” ಎಂದು ಅವ್ವ ಗದರುತ್ತಿದ್ದಳು.

ಕೂದಲು ಹಸಿ ಇರುವಾಗಲೇ ಹೆಣೆಯುತ್ತಿದ್ದೆ. ದಪ್ಪ ಕಾಣಲೆಂದು ಚೌರಿ ಸೇರಿಸುತ್ತಿದ್ದೆ. ಬಿಚ್ಚುತ್ತಿದ್ದುದು ಮೂರು ದಿನಕ್ಕೊಮ್ಮೆ. ಪೂಜಾಳ ಕಿವಿಗಳ ಮೇಲಿನ ಕೂದಲ ಬುಡದಲ್ಲಿ ಕೀವಿನ ಸಣ್ಣ ಗುಳ್ಳೆಗಳು ಎದ್ದಿದ್ದನ್ನು ನೋಡಿದೆ. ಆಮೇಲೆ ಗುಳ್ಳೆಗಳು ಹೋದವು, ಕೂದಲೂ ಹೋಯಿತು. ಅದನ್ನೂ ನೋಡಿದೆ. ಯಾರಿಗೂ ಹೇಳಲಿಲ್ಲ.

ಪೂಜಾ ಮನೆಯೊಳಗೂ ತಲೆಗೆ ಓಢಣಿ ಹೊದ್ದುಕೊಳ್ಳತೊಡಗಿದಳು. ಶಾಲೆಯಲ್ಲಿ ಯಾರೋ “ಬೋಳಿ” ಅಂದರಂತೆ. ಆವತ್ತಿನಿಂದ ಶಾಲೆಗೂ ಹೋಗಲಿಲ್ಲ.

ದಸರೆಯ ನಂತರ ಲಾಲಬಿ ಚಾಚಿ ಬಂದಳು. ಕೂದಲ ಗಂಟು ಬಿಚ್ಚಿದವಳು ತೂಕ ಹಾಕಲಿಲ್ಲ.

“ಚನ್ನವ್ವಕ್ಕ, ಇದು ಯಾರ ಕೂದಲರಿ?”

“ಯಾರ್ದಾದ್ರ ನಿನಗೇನ? ಈ ಸಲ ಮುಚ್ಚಳ ಇದ್ದ ಡಬರಿ ಬೇಕ ನೋಡ.”

“ಒಂದರ ಬಿಳಿ ಕೂದಲ ಇಲ್ಲ, ಇದು ಸಣ್ಣ ಹುಡುಗೀದು. ಇವು ನೋಡ್ರಿ, ಬೆರಳುದ್ದ ಇಲ್ಲ, ರೇಷ್ಮಿ ಇದ್ದಂಗ ಅದಾವ. ಹಣಿ, ಕಿವಿ ಅಂಚಿನವು. ಬಾಚಿದ್ರ ಇಷ್ಟು ಬರೂದಿಲ್ಲ, ಜಗ್ಗಿದ್ರ ಬರ್ತಾವ.”

“ಕೇಳ್ರೆವ್ವಾ, ಡಬರಿ ಮಾರಾಕಿ ಡಾಕ್ಟರ್ ಆದ್ಲು!”

“ಇಪ್ಪತ್ತ ವರ್ಷ ಕೂದಲದಾಗ ಕೈ ಆಡಸೇನಿ, ಅಕ್ಕ. ಆ ಹುಡುಗಿನ ಕರೀರಿ.”

ಪೂಜಾ ಹೊರಗೆ ಬರಲಿಲ್ಲ. ನಾನೇ ಒಳಗೆ ಹೋಗಿ ಕೈಹಿಡಿದು ಕರೆತಂದೆ. ಓಢಣಿ ಸರಿಸಿದೆ. ಎರಡೂ ಕಿವಿಗಳ ಮೇಲೆ ಮೂರು ಬೆರಳಗಲ ಬರೀ ಚರ್ಮ. ಅವ್ವ ಆರಿಸಿ ಹಿಡಿದಿದ್ದ ಡಬರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಚಾಚಿ ಗಂಟು ಕಟ್ಟಿ ನಮ್ಮ ಕಡೆಗೇ ಸರಿಸಿದಳು.

“ನನಗಿದು ಬ್ಯಾಡ. ಲಗೂ ದವಾಖಾನಿಗೆ ಹೋಗ್ರಿ.”

ಮರುದಿನ ನರೇಗಲ್ಲಿಗೆ ಹೋದೆವು. ಡಾಕ್ಟರಮ್ಮ ತಲೆಯನ್ನು ಬಹಳ ಹೊತ್ತು ಮುಟ್ಟಿ ನೋಡಿದರು.

“ಗುಳ್ಳಿ ಎದ್ದಾಗ ಬಂದಿದ್ರ ಚಲೋ ಇತ್ತು. ಎಡಕ್ಕ ಇನ್ನೂ ಬೇರು ಅದಾವ. ಜಗ್ಗೂದು ಬಿಟ್ರ ಬರಬಹುದು. ಬಲಕ್ಕ ಚರ್ಮ ನುಣ್ಣಗಾಗೈತಿ. ಅಲ್ಲಿ ಬರೂದಿಲ್ಲ.”

“ಎಣ್ಣಿ ಹಚ್ಚಿದ್ರರಿ?” ಅವ್ವ ಕೇಳಿದಳು.

“ಬೇರು ಸತ್ತಾವವ್ವಾ. ಜಡಿ ಹೆಣೆಯೂದು ಕೂದಲ ಕಾಯಾಕ. ಧೂಳಿಗೆ, ಗಾಳಿಗೆ ಸಿಕ್ಕಾಗಿ ಹರೀಬಾರದಂತ. ನೋಯಾಕ ಹತ್ತಿತಂದ್ರ ಅದು ಕಾಯೂದಿಲ್ಲ, ಕೀಳತೈತಿ.”

“ಹತ್ತನೇ ಕ್ಲಾಸ ಮುಗಿಯೂದ್ರೊಳಗ ಬರ್ತಾವೇನ್ರಿ?” ಪೂಜಾ ಕೇಳಿದಳು. ಡಾಕ್ಟರಮ್ಮ ಅವಳ ಓಢಣಿಯನ್ನು ಸರಿಯಾಗಿ ಹೊದಿಸಿದರು.

ಅವ್ವ ಶಾಲೆಗೆ ಹೋಗಿ ಹೆಡ್‌ಮಾಸ್ತರರನ್ನು ಕೇಳಿಕೊಂಡಳು. ಒಂದೇ ಸಡಿಲ ಜಡೆಗೆ ಒಪ್ಪಿದರು. ಪೂಜಾ ಓಢಣಿ ಹೊದ್ದೇ ಹೋಗುತ್ತಾಳೆ. ಈಗ ಸಣ್ಣ ತಂಗಿ ಐಶ್ವರ್ಯಾಳ ಜಡೆಯನ್ನು ಅವ್ವನೇ ಹಾಕುತ್ತಾಳೆ.

“ನೋಯಾಕತ್ತೈತೇನ?”

“ಇಲ್ಲಬೇ. ಸಡ್ಲಾಗೈತಿ, ಬಿಚ್ಚತೈತಿ.”

“ಬಿಚ್ಚಲಿ.”

ಬಾಗಿಲಲ್ಲಿ ನಿಂತು ಪೂಜಾ ನೋಡುತ್ತಿರುತ್ತಾಳೆ. ಆ ಎರಡು ಡಬರಿಗಳಲ್ಲಿ ಅವ್ವ ಇವತ್ತಿಗೂ ಹಾಲು ಕಾಯಿಸಿಲ್ಲ.

ಅಕ್ಕಂದಿರೇ, ಅವ್ವಂದಿರೇ, ಮಕ್ಕಳ ಕೂದಲು ಒಣಗಿದ ಮೇಲೆಯೇ ಹೆಣೆಯಿರಿ. ಹುಬ್ಬು ಎಳೆಯುವಷ್ಟು ಜಗ್ಗಬೇಡಿ. ತೆಳು ಕೂದಲಿಗೆ ಚೌರಿಯ ಭಾರ ಹಾಕಬೇಡಿ. ಮಲಗುವ ಮುಂಚೆ ಜಡೆ ಬಿಚ್ಚಿ, ತುದಿಯಿಂದ ಮೇಲಕ್ಕೆ ಮೆಲ್ಲಗೆ ಸಿಕ್ಕು ಬಿಡಿಸಿ. ಮಗಳು ನೋವು ಅಂದರೆ ಆಗಲೇ ಬಿಚ್ಚಿ. ಗುಳ್ಳೆ ಕಂಡರೆ ಅದೇ ವಾರ ದವಾಖಾನೆಗೆ ಕರೆದುಕೊಂಡು ಹೋಗಿ. ನನ್ನ ಹಾಗೆ ನೋಡಿ ಸುಮ್ಮನಿರಬೇಡಿ.