ನಾರುಹುಣ್ಣು ಊರು ಬಿಟ್ಟ ಕಥೆ

ಬೇಸಿಗೆ ಬಂತೆಂದರೆ ಆ ಊರಿನಲ್ಲಿ ಮನೆಗೊಬ್ಬರು ಕುಂಟುತ್ತಿದ್ದರು. ಕಾಲಲ್ಲಿ ಗುಳ್ಳೆ ಎದ್ದು ಒಡೆಯುವುದು, ಒಳಗಿಂದ ಬಿಳಿ ದಾರದಂಥ ಹುಳ ಇಣುಕುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ಮನುಷ್ಯ ಹಾಸಿಗೆ ಹಿಡಿಯುತ್ತಿದ್ದ. ಇದೇ ನಾರುಹುಣ್ಣು. “ಬಿಸಲಿನ ಬ್ಯಾನಿ, ಬರೂದು ಬರ್ತೈತಿ” ಎಂದು ಜನ ಸುಮ್ಮನಾಗುತ್ತಿದ್ದರು.

ಬಾದಾಮಿ ತಾಲೂಕಿನ ಊರು ಅದು. ಕನ್ನಡ ನಾಡು ಒಂದಾದ ಮರುವರ್ಷ ಕುರಿಗಾರ ಲಕ್ಷ್ಮಪ್ಪನ ಕಾಲಿಗೆ ನಾರು ಬಂತು. ಬಿತ್ತಿಗೆಗೆ ಮುಂಚೆ ಕುರಿಯ ಹಿಂಡನ್ನು ರಾತ್ರಿ ರೈತರ ಹೊಲದಲ್ಲಿ ತರುಬಿ ನಿಲ್ಲಿಸಬೇಕು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ರೈತರು ಕೊಡುವ ಜೋಳ ಇವರ ಮನೆಗೆ ರೊಟ್ಟಿ. ಅಂಥ ಹೊತ್ತಿನಲ್ಲೇ ಕುರಿ ಕಾಯುವವನು ಮಲಗಿದ. ಹೆಂಡತಿ ಮಾಯವ್ವ ಕಂಬಳಿ ಹೆಗಲಿಗೇರಿಸಿ ತಾನೇ ಹಿಂಡಿನ ಹಿಂದೆ ಹೊರಟಳು.

ಊರಿಗೆಲ್ಲ ಒಂದೇ ಬಾವಿ, ಕಲ್ಲು ಮೆಟ್ಟಿಲಿನದು. ಹೆಂಗಸರು ಮೊಣಕಾಲು ಮುಳುಗುವ ತನಕ ನೀರಿಗಿಳಿದು ಕೊಡ ತುಂಬುತ್ತಿದ್ದರು. ಕುರಿಗಳೂ ಇಳಿದು ಕುಡಿಯುತ್ತಿದ್ದವು. ಕಾಲಿನ ಉರಿ ತಾಳಲಾಗದಾಗ ಲಕ್ಷ್ಮಪ್ಪ ಅದೇ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಿದ್ದ.

ಒಂದು ಮುಂಜಾನೆ ಮಾಯವ್ವ ಕೊಡ ತುಂಬಿಕೊಂಡು ಬಾವಿಯಿಂದ ಮೇಲೆ ಬರುತ್ತಿದ್ದಾಗ ಊರ ಶಾಲೆಯಲ್ಲಿ ಕಲಿಸುವ ತುಳಸೀಬಾಯಿ ಅಲ್ಲಿಗೆ ಬಂದರು. “ಮಾಯವ್ವಾ, ನಾಳೆ ಸಭಾ ಅದ, ತಪ್ಪದ ಬಾ. ಬಾವಿ ಮೆಟ್ಟಲಾ ಮುಚ್ಚಿ ಸುತ್ತ ಕಟ್ಟಿ ಕಟ್ಟೂಣಂತ ಮಾತು ನಡದದ. ಬ್ಲಾಕ್ ಆಫೀಸಿನವರು ಸಿಮೆಂಟು, ಹಗ್ಗ ಹಾಕಿ ನೀರು ಜಗ್ಗೂ ಗಡಗಡಿ ಕೊಡ್ತಾರ. ಕಲ್ಲು, ಕೈ ನಮ್ಮವು.”

“ಮೆಟ್ಟಲಾ ಮುಚ್ಚಿದ್ರ ನನ್ನ ಕುರಿ ಎಲ್ಲಿ ಕುಡೀಬೇಕ್ರಿ ಅಕ್ಕೋರ? ಬಾವ್ಯಾಗ ಹಾರಬೇಕೇನು?”

“ನಾರು ಬರೂದು ಈ ನೀರಿಂದನ, ಮಾಯವ್ವಾ.”

“ನಮ್ಮತ್ತಿ ಹುಚ್ಚವ್ವ ಮದಿವ್ಯಾಗಿ ಬಂದಾಗಿಂದ ಇದ ನೀರು ಕುಡದಾಳ್ರಿ.”

“ಆಕಿಗೆ ನಾರು ಎಷ್ಟು ಸಲ ಬಂದದ?”

ಮಾಯವ್ವನ ಕಣ್ಣ ಮುಂದೆ ಅತ್ತೆಯ ಕಾಲು ಬಂತು. ಅದರ ತುಂಬ ಬರೀ ನಾರಿನ ಕಲೆ.

ತುಳಸೀಬಾಯಿ ತಾವು ತಂದಿದ್ದ ಗಾಜಿನ ಲೋಟದಲ್ಲಿ ನೀರು ಮೊಗೆದು ಬಿಸಿಲಿಗೆ ಹಿಡಿದರು. ಮಾಯವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಗಸಗಸೆಗಿಂತ ಸಣ್ಣ ಚುಕ್ಕೆಗಳು ನೀರಿನಲ್ಲಿ ಪುಟುಪುಟು ಹಾರಾಡುತ್ತಿದ್ದವು.

“ನಾರು ಬಂದ ಕಾಲು ನೀರಾಗ ಇಟ್ಟ ಕೂಡ್ಲೆ ಆ ಹುಳ ತನ್ನ ಮರಿ ಬಿಡ್ತದ,” ಅಂದರು ತುಳಸೀಬಾಯಿ. “ಅವು ಕಣ್ಣಿಗೆ ಕಾಣೂದಿಲ್ಲ. ಈ ಚುಕ್ಕಿ ಆ ಮರಿ ತಿಂತಾವ. ನೀರಿನ ಕೂಡ ಚುಕ್ಕಿ ನಮ್ಮ ಹೊಟ್ಟಿ ಸೇರ್ತಾವ. ಒಳಗ ಆ ಮರಿ ಒಂದು ವರ್ಷ ಬೆಳದು, ಮುಂದಿನ ಬ್ಯಾಸಿಗಿಗೆ ಕಾಲು ಒಡದು ಹೊರಗ ಬರ್ತದ.”

ಮಾಯವ್ವ ಗಂಡ ಕೂಡುತ್ತಿದ್ದ ಮೆಟ್ಟಿಲು ನೋಡಿದಳು. ಕೊಡ ತುಂಬಿದ್ದೂ ಅಲ್ಲೇ. ಸೊಂಟದ ಮೇಲಿದ್ದ ಕೊಡವನ್ನು ಇಳಿಸಿ ನೀರೆಲ್ಲ ಮಣ್ಣಿಗೆ ಚೆಲ್ಲಿದಳು.

“ಖರೆ ಇದ್ದೀತ್ರಿ. ಆದ್ರ ಕುರಿ ಗತಿ?”

“ಅದು ನನಗೂ ತಿಳೀವಲ್ತು. ಸಭಾದಾಗ ನೀನ ಕೇಳು.”

ಮರುದಿನ ಬೇವಿನ ಗಿಡದ ಕೆಳಗೆ ಊರೇ ಸೇರಿತ್ತು. ಗಂಡಸರ ನಡುವೆ ಮಾಯವ್ವ ಸೆರಗು ಹೊದ್ದು ಎದ್ದು ನಿಂತಳು.

“ಮೆಟ್ಟಲಾ ಮುಚ್ರಿ, ನಾ ಬ್ಯಾಡ ಅನ್ನೂದಿಲ್ಲ. ಮೊದಲ ಕುರಿ ಕುಡಿಯಾಕ ಹೊರಗೊಂದು ಕಲ್ಲಿನ ದೋಣಿ ಕಟ್ರಿ. ದಿನಾ ಒಂದೊಂದು ಮನಿಯವರು ನೀರು ಜಗ್ಗಿ ತುಂಬಲಿ. ನಮ್ಮ ಕುರಿ ನಿಮ್ಮ ಹೊಲಕ್ಕ ಗೊಬ್ಬರ ಹಾಕ್ತಾವ. ನಿಮ್ಮ ಎತ್ತೂ ಅಲ್ಲೇ ಕುಡೀಲಿ.”

ಎಲ್ಲರೂ ದೊಡ್ಡ ಹೊಲದ ಹುಲ್ಲಪ್ಪನ ಮುಖ ನೋಡಿದರು. ಅವನು ಮೀಸೆ ತೀಡಿಕೊಂಡು, “ಹೆಣ್ಣುಮಗಳ ಮಾತಿನಾಗ ನ್ಯಾಯ ಐತಿ. ಕಲ್ಲಿಗೆ ನನ್ನ ಗಾಡಿ ಹೂಡ್ರಿ” ಅಂದ.

ಆಮೇಲೆ ಊರಿಗೆ ಹಬ್ಬ ಬಂದಂತಾಯಿತು. ಗುಡ್ಡದ ಕೆಂಪು ಕಲ್ಲು ಗಾಡಿ ಗಾಡಿ ಬಂತು. ಕಲ್ಲು ಕಟ್ಟುವ ಗವಂಡಿ ಖಾಸಿಂಸಾಬ ಕೂಲಿ ಬೇಡವೆಂದು ತಲೆಗೆ ವಸ್ತ್ರ ಬಿಗಿದು ನಿಂತ. ಹೆಂಗಸರು ಬುಟ್ಟಿ ಹೊತ್ತರು, ಹಲಗೆ ಬಾರಿಸುವವರು ಬಾರಿಸಿದರು. ನಡೆಯಲಾರದ ಲಕ್ಷ್ಮಪ್ಪ ಮನೆಯ ಕಟ್ಟೆಯ ಮೇಲೆ ಕೂತು ಗಡಗಡಿಗೆ ಪುಂಡಿನಾರಿನ ಹಗ್ಗ ಹೊಸೆದ. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಿತು. ಮೊದಲ ಕೊಡ ಜಗ್ಗಿದವಳು ಮುದುಕಿ ಹುಚ್ಚವ್ವ. “ಯವ್ವಾ, ಕಾಲು ತೋಯಿಸದ ನೀರು ಬಂತಲ್ಲ” ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. ದೋಣಿಯ ಸುತ್ತ ಕುರಿಗಳು ತಳ್ಳಾಡಿ ಕುಡಿದವು.

ಮುಂದಿನ ಬೇಸಿಗೆ ಬಂತು. ಲಕ್ಷ್ಮಪ್ಪನ ಕಾಲಿಗೆ ಮತ್ತೆ ನಾರು. ಅವನೊಬ್ಬನಿಗೇ ಅಲ್ಲ, ಊರ ತುಂಬ.

ಹುಲ್ಲಪ್ಪ ಹಾರೆ ಹಿಡಿದು ಬಾವಿಗೆ ಬಂದ, ಹಿಂದೆ ಜನ. “ವರ್ಷ ಪೂರ್ತಿ ರಟ್ಟಿ ನೋಯಿಸ್ಕೊಂಡು ನೀರು ಜಗ್ಗಿದ್ದ ಬಂತು. ಏನಾತು? ಒಡೀತೇನಿ ಇದನ್ನ.”

ಮಾಯವ್ವ ಓಡಿ ಬಂದು ಕಟ್ಟೆಗೆ ಬೆನ್ನು ಕೊಟ್ಟು ನಿಂತಳು. “ಕಾಕಾ, ಇದು ಕಟ್ಟಿ ಕಟ್ಟೂಕ್ಕಿಂತ ಮೊದಲ ಕುಡದ ನೀರಿನ ನಾರು. ಒಳಗ ಒಂದು ವರ್ಷ ಬೆಳೀತೈತಂತ ಅಕ್ಕೋರು ಆವಾಗ ಹೇಳ್ಯಾರ. ಬಿತ್ತಿದ ದಿನಾನ ಜ್ವಾಳ ಕೊಯ್ತೀಯೇನು? ಇನ್ನೊಂದು ಬ್ಯಾಸಿಗಿ ತಡಿ. ಮುಂದಿನ ವರ್ಷ ಒಬ್ಬರ ಕಾಲಾಗ ನಾರು ಕಂಡ್ರೂ ಮೊದಲ ಏಟು ನಾನ ಹಾಕ್ತೇನಿ.”

“ಆತು, ಇನ್ನೊಂದು ಬ್ಯಾಸಿಗಿ ನೋಡೂಣು” ಅಂದ ಹುಲ್ಲಪ್ಪ. ಹಾರೆ ಹೆಗಲಿಗೇರಿಸಿ ಹೊರಟುಹೋದ.

ಮನೆಯಲ್ಲಿ ಗಂಡ ಕೇಳಿದ, “ಖರೇನ ಹೋಕ್ಕೈತೇನ ಇದು?”

“ಹೋಗಬೇಕು. ನೀ ಮಾತ್ರ ಕಾಲು ನೀರಾಗ ಇಡಬ್ಯಾಡ.” ಎಂದಳು ಮಾಯವ್ವ. ಅವನ ಹುಣ್ಣಿಗೆ ಬಟ್ಟೆ ಕಟ್ಟಿದಳು. ಉಳಿದ ಚುಕ್ಕೆ ಬರದಿರಲೆಂದು ಜಗ್ಗಿದ ನೀರನ್ನೂ ಎರಡು ಪದರ ಮಡಿಚಿದ ಅರಿವೆಯಲ್ಲಿ ಸೋಸಿಯೇ ಕುಡಿಯುವ ನೀರಿನ ಹರವಿಗೆ ಹಾಕಿದಳು. ತುಳಸೀಬಾಯಿ ಮನೆ ಮನೆಗೆ ಹೋಗಿ ಇದನ್ನೇ ಹೇಳಿ ಬಂದರು.

ಮತ್ತೊಂದು ಬೇಸಿಗೆ. ಯುಗಾದಿ ದಾಟಿತು. ಊರವರೆಲ್ಲ ಒಬ್ಬರ ಕಾಲು ಒಬ್ಬರು ನೋಡುವವರೇ. ಹೀಗಿರುವಾಗ ಒಂದು ಸಂಜೆ ಲಕ್ಷ್ಮಪ್ಪ ಅಡವಿಯಿಂದ ಕುಂಟುತ್ತ ಬಂದ. ಮಾಯವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಳು. ಚಿಮಣಿ ದೀಪ ಹತ್ತಿರ ತಂದು ಪಾದ ಎತ್ತಿ ನೋಡಿದಳು. ಜಾಲಿ ಮುಳ್ಳು. ಕಿತ್ತು ಕೈಯಲ್ಲಿ ಹಿಡಿದು ಗಂಡ ಹೆಂಡತಿ ಇಬ್ಬರೂ ನಕ್ಕರು, ನಗು ನಿಲ್ಲಲೇ ಇಲ್ಲ.

ಮಳೆ ಬಿತ್ತು. ಆ ವರ್ಷ ಊರಲ್ಲಿ ಒಬ್ಬರಿಗೂ ನಾರು ಬರಲಿಲ್ಲ. ಲಕ್ಷ್ಮಪ್ಪ ತಾನೇ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ನಡೆದ. ತನ್ನ ಪಾಳಿ ಬಂದ ದಿನ ಹುಲ್ಲಪ್ಪ ತಾನೇ ಬಂದು ದೋಣಿ ತುಂಬಿದ. “ಮಾಯವ್ವಾ, ಬರೂ ವರ್ಷ ಕುರಿ ಮೊದಲ ನನ್ನ ಹೊಲಕ್ಕ ಬರಲಿ” ಅಂದ.

ಇದನ್ನು ಓದುವ, ಕೂತು ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನ ಬಾವಿಗೆ ಇನ್ನೂ ಜನ ಇಳಿಯುತ್ತಾರೆಯೇ? ಹಾಗಾದರೆ ಇಂದಿನಿಂದಲೇ ನೀರನ್ನು ಮಡಿಚಿದ ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ನಾರು ಬಂದವರನ್ನು ನೀರಿಗಿಳಿಸಬೇಡಿ. ನಿಮ್ಮ ಬ್ಲಾಕಿನ ಗ್ರಾಮಸೇವಕರನ್ನು ಕರೆಯಿರಿ, ದನ ಕುರಿಗೆ ದೋಣಿ ಕಟ್ಟಿ, ಮೆಟ್ಟಿಲು ಮುಚ್ಚಿ. ಮರುವರ್ಷವೂ ನಾರು ಕಂಡಿತೆಂದು ಕಟ್ಟೆ ಒಡೆಯಬೇಡಿ. ಅದು ನೀವು ಹಿಂದೆ ಕುಡಿದ ನೀರಿನ ಫಲ. ಇನ್ನೊಂದು ಬೇಸಿಗೆ ತಡೆಯಿರಿ.